ಮಿದುಳಿಗೆ ಒಗ್ಗುವ ಪಾಠ, ಮಿದುಳಿಗೆ ಒಗ್ಗುವ ಪರೀಕ್ಷೆ: ಪ್ರೌಢಶಾಲಾ ಶಿಕ್ಷಕರಿಗೊಂದು ಮಾರ್ಗದರ್ಶಿ

ಪಾಠ ಮುಗಿದ ಮೇಲೆ ಪರೀಕ್ಷೆ ಎಂಬ ಕ್ರಮ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಪರೀಕ್ಷೆಯೇ ಪಾಠದ ಒಂದು ಭಾಗವಾಗಬಲ್ಲದು ಎಂದು ಹೊಳೆಯುವುದಕ್ಕೆ ನನಗೆ ಹತ್ತು ವರ್ಷಗಳ ನೌಕರಿ ಬೇಕಾಯಿತು. ಮೊದಲು ಕಾರವಾರದ ಬದಿಯ ಕರಾವಳಿ ಶಾಲೆಯೊಂದರಲ್ಲಿ, ಆಮೇಲೆ ಘಟ್ಟ ಹತ್ತಿ ಶಿರಸಿ ತಾಲ್ಲೂಕಿನ ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತ ಬಂದಿದ್ದೇನೆ. ಮಿದುಳು ಆಧಾರಿತ ಕಲಿಕೆ ಎಂಬ ಹೆಸರಿನಲ್ಲಿ ತರಬೇತಿಗಳಲ್ಲಿ ಕೇಳಿದ್ದರಲ್ಲಿ, ಆಮೇಲೆ ನಾನಾಗಿ ಓದಿಕೊಂಡಿದ್ದರಲ್ಲಿ, ನಲವತ್ತು ಮಕ್ಕಳ, ನಲವತ್ತು ನಿಮಿಷಗಳ ಅವಧಿಯಲ್ಲಿ ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ ಎಂಬುದನ್ನು ಎಂಟರಿಂದ ಹತ್ತನೇ ತರಗತಿಗೆ ಪಾಠ ಮಾಡುವ ಸಹೋದ್ಯೋಗಿಗಳಿಗಾಗಿ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ವಿಜ್ಞಾನದವು. ಭಾಷೆ, ಗಣಿತ, ಸಮಾಜ ವಿಜ್ಞಾನದವರು ತಮ್ಮ ಪಾಠಕ್ಕೆ ಹೊಂದಿಸಿಕೊಳ್ಳುವುದು ಕಷ್ಟವಾಗಲಾರದು.

ಹೆಸರಿನ ಬಗ್ಗೆ ಎರಡು ಮಾತು. ಮಿದುಳಿಗೆ ಹೊಂದುವ ಬೋಧನೆ ಎಂಬ ಮಾತನ್ನು 1983ರಲ್ಲಿ ಅಮೆರಿಕದ ಲೆಸ್ಲಿ ಹಾರ್ಟ್ ಮುಂದಿಟ್ಟರು. 1990ರ ದಶಕದ ಆರಂಭದಲ್ಲಿ ರೆನೇಟ್ ಮತ್ತು ಜೆಫ್ರಿ ಕೇಯ್ನ್ ದಂಪತಿ ಅದನ್ನು 12 ತತ್ವಗಳಾಗಿ ವಿಂಗಡಿಸಿದರು. ಅರ್ಥವನ್ನು ಹುಡುಕುವುದು ಮಿದುಳಿನ ಸಹಜ ಗುಣ, ಭಾವನೆಯನ್ನೂ ಕಲಿಕೆಯನ್ನೂ ಬೇರ್ಪಡಿಸಲಾಗದು, ಬೆದರಿಕೆಯಿಂದ ಕಲಿಕೆ ಕುಗ್ಗುತ್ತದೆ, ಪ್ರತಿ ಮಿದುಳೂ ವಿಶಿಷ್ಟ ಎಂಬಂಥವು ಆ ತತ್ವಗಳಲ್ಲಿ ಕೆಲವು. ಕೇಳಲು ಚೆನ್ನಾಗಿವೆ, ಆದರೆ ಸೋಮವಾರ ಮೂರನೆಯ ಅವಧಿಗೆ ಸೀಮೆಸುಣ್ಣ ಹಿಡಿದು ಹೊರಟವರಿಗೆ ಇವುಗಳಿಂದ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ನರಕೋಶದಿಂದ ತರಗತಿಗೆ ನೇರವಾಗಿ ಸೇತುವೆ ಹಾಕುವುದು ಸದ್ಯಕ್ಕೆ ಆಗದ ಕೆಲಸ, ನಡುವೆ ಮನೋವಿಜ್ಞಾನವೆಂಬ ಕಂಬ ಬೇಕೇ ಬೇಕು ಎಂದು ಜಾನ್ ಬ್ರೂಯರ್ 1997ರಲ್ಲೇ ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಒಪ್ಪಿಕೊಂಡು, ನೆನಪು ಮತ್ತು ಗಮನದ ಬಗ್ಗೆ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿಗಳನ್ನಷ್ಟೇ ಇಲ್ಲಿ ಆಯ್ದುಕೊಂಡಿದ್ದೇನೆ.

ಮೊದಲ ಹೆಜ್ಜೆ: ಗೋಡೆಯ ಮೇಲಿನ ಚಾರ್ಟನ್ನು ಇಳಿಸಿ

ನಾವು ಮಿದುಳಿನ ಹತ್ತರಲ್ಲೊಂದು ಭಾಗವನ್ನಷ್ಟೇ ಬಳಸುತ್ತೇವೆ ಎಂಬ ಚಾರ್ಟಿನ ಮಾತು ಸುಳ್ಳು. ಎಡ ಮಿದುಳಿನವರು ಲೆಕ್ಕಕ್ಕೆ, ಬಲ ಮಿದುಳಿನವರು ಕಲೆಗೆ ಎಂಬ ವಿಂಗಡಣೆಯೂ ಸುಳ್ಳು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮಕ್ಕಳಲ್ಲಿ ಮೂರು ಬಗೆಯಿದೆ, ಆಯಾ ಬಗೆಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬ ಮಾತಿಗೆ ತಕ್ಕ ಆಧಾರವಿಲ್ಲ ಎಂದು 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ ತೋರಿಸಿದರು. ಮಿದುಳಿನ ಹೆಸರು ಹೇಳಿಕೊಂಡು ಹರಡುವ ಇಂಥ ನಂಬಿಕೆಗಳನ್ನು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಎಂಬ ಅಂತರರಾಷ್ಟ್ರೀಯ ಸಂಸ್ಥೆ 2002ರ ತನ್ನ ವರದಿಯಲ್ಲಿ ನರಮಿಥ್ಯೆಗಳೆಂದು ಕರೆದಿತ್ತು.

ಇದನ್ನು ಮೊದಲ ಹೆಜ್ಜೆಯಾಗಿ ಇಟ್ಟಿರುವುದಕ್ಕೆ ಕಾರಣ ನನ್ನದೇ ತಪ್ಪು. ತರಬೇತಿಯೊಂದರಲ್ಲಿ ಕೊಟ್ಟ ಪ್ರಶ್ನಾವಳಿಯನ್ನು ಒಂಬತ್ತನೇ ತರಗತಿಗೆ ಹಂಚಿ, ಮೂರು ಗುಂಪು ಮಾಡಿ, ಮೂರು ಬಣ್ಣದ ಪಟ್ಟಿ ಕೊಟ್ಟು, ಇಡೀ ವರ್ಷ ಹಾಗೆಯೇ ನಡೆಸಿದೆ. ಆ ವರ್ಷ ‘ಕೇಳಿ ಕಲಿಯುವ’ ಗುಂಪಿಗೆ ಬಿದ್ದ ಹುಡುಗಿಯೊಬ್ಬಳಿಗೆ ಈರುಳ್ಳಿ ಸಿಪ್ಪೆಯ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸರದಿ ಕೊನೆಗೂ ಬರಲಿಲ್ಲವೆಂಬುದು ಈಗಲೂ ಚುಚ್ಚುತ್ತದೆ. ನೋಡಬೇಕೋ ಕೇಳಬೇಕೋ ಎಂಬುದನ್ನು ವಿಷಯವೇ ನಿರ್ಧರಿಸುತ್ತದೆ: ಕೋಶವನ್ನು ಎಲ್ಲರೂ ನೋಡಿಯೇ ಕಲಿಯಬೇಕು, ಷಟ್ಪದಿಯ ಲಯವನ್ನು ಎಲ್ಲರೂ ಕೇಳಿಯೇ ಹಿಡಿಯಬೇಕು.

ಎರಡನೆಯ ಹೆಜ್ಜೆ: ಒಂದು ಅವಧಿಯ ಭಾರವನ್ನು ಇಳಿಸಿ

ಯೋಚಿಸುವಾಗ ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳ ಸಂಖ್ಯೆ ಬಹಳ ಚಿಕ್ಕದು. 1956ರಲ್ಲಿ ಜಾರ್ಜ್ ಮಿಲ್ಲರ್ ಅದನ್ನು ಏಳರ ಆಸುಪಾಸು ಎಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದು ನಿಜಕ್ಕೂ ನಾಲ್ಕರ ಹತ್ತಿರ ಎಂದು ವಾದಿಸಿದರು. ಈಗ ‘ಆಯ್ದ ಪ್ರವೇಶ್ಯ ಪೊರೆಯ ಮೂಲಕ ನೀರಿನ ಅಣುಗಳು ಹೆಚ್ಚು ನೀರಿನ ಸಾರತೆಯುಳ್ಳ ಭಾಗದಿಂದ ಕಡಿಮೆ ನೀರಿನ ಸಾರತೆಯುಳ್ಳ ಭಾಗಕ್ಕೆ ಚಲಿಸುವ ಕ್ರಿಯೆಯೇ ಅಭಿಸರಣೆ’ ಎಂಬ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ನೋಡಿ. ಆಯ್ದ ಪ್ರವೇಶ್ಯ, ಪೊರೆ, ಅಣು, ಸಾರತೆ, ಅಭಿಸರಣೆ ಎಂದು ಐದು ಹೊಸ ಪದಗಳು ಒಂದೇ ಉಸಿರಿನಲ್ಲಿ ಬಂದಿವೆ. ನಾಲ್ಕರ ಮಿತಿ ವಾಕ್ಯ ಮುಗಿಯುವ ಮೊದಲೇ ದಾಟಿಹೋಗಿದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಭಾರಕ್ಕೆ ಮತ್ತೊಂದು ಭಾರ ಸೇರುತ್ತದೆ. ಕಾರವಾರದ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಮಾತು ಕೊಂಕಣಿಯಾಗಿತ್ತು. ಜೊಯಿಡಾ, ಹಳಿಯಾಳದ ಕಡೆ ಮರಾಠಿ ಸೇರುತ್ತದೆ, ಭಟ್ಕಳದಲ್ಲಿ ನವಾಯತಿ, ಅಂಕೋಲಾ ಕುಮಟಾಗಳಲ್ಲಿ ಹಾಲಕ್ಕಿ ಕನ್ನಡ, ಶಿರಸಿ ಸಿದ್ದಾಪುರಗಳಲ್ಲಿ ಹವ್ಯಕ ಕನ್ನಡ. ಪಠ್ಯಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯ ಕನ್ನಡವೂ ಅಲ್ಲ. ಆ ಭಾಷೆಯನ್ನು ಬಿಡಿಸಿ ಓದುವುದರಲ್ಲೇ ಮಗುವಿನ ಶಕ್ತಿ ಕರಗಿಹೋದರೆ ವಿಜ್ಞಾನಕ್ಕೆ ಜಾಗ ಎಲ್ಲಿ ಉಳಿಯುತ್ತದೆ?

ಆದ್ದರಿಂದ ಘಟಕ ಯೋಜನೆ ಬರೆಯುವ ಮೊದಲು ಪಾಠವನ್ನು ಓದಿ, ಉಳಿದೆಲ್ಲ ಮರೆತರೂ ಉಳಿಯಲೇಬೇಕಾದ ಮೂರು ಸಂಗತಿಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿಕೊಳ್ಳಿ. ಒಂದು ಅವಧಿಗೆ ಅದರಲ್ಲಿ ಒಂದೇ ಸಾಕು. ವಸ್ತು ಮೊದಲು, ಮಕ್ಕಳ ಮಾತಿನಲ್ಲಿ ಅದರ ವಿವರಣೆ ನಂತರ, ಪಾರಿಭಾಷಿಕ ಪದ ಕೊನೆಯ ಹತ್ತು ನಿಮಿಷದಲ್ಲಿ ಬರಲಿ. ಇನ್ನೊಂದು ಚಿಕ್ಕ ಸಂಗತಿ: ಮಕ್ಕಳು ಬೋರ್ಡಿನಿಂದ ಬರೆದುಕೊಳ್ಳುತ್ತಿರುವಾಗ ನಾವು ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು, ಏಕೆಂದರೆ ಓದುತ್ತ, ಬರೆಯುತ್ತ, ಬೇರೊಂದು ಮಾತನ್ನು ಕೇಳಿಸಿಕೊಳ್ಳುವುದು ಯಾವ ಮಿದುಳಿಗೂ ಸಾಧ್ಯವಿಲ್ಲ. ಇದು ನನಗೆ ಅತ್ಯಂತ ಕಷ್ಟವಾದ ಅಭ್ಯಾಸ.

ಮೂರನೆಯ ಹೆಜ್ಜೆ: ಮೊದಲು ಊಹೆ, ಆಮೇಲೆ ಪಾಠ

ಹೊಸ ತಿಳಿವಳಿಕೆ ಅಂಟಿಕೊಳ್ಳುವುದಕ್ಕೆ ಹಳೆಯದೊಂದು ಬೇಕು. ಕೇಯ್ನ್ ದಂಪತಿ ಅರ್ಥ ಹುಡುಕುವುದು ಎಂದದ್ದನ್ನು ನಾನು ಹೀಗೆ ಓದಿಕೊಂಡಿದ್ದೇನೆ: ಮಗುವಿನ ಮನೆಯಲ್ಲಿ ಈಗಾಗಲೇ ಇರುವ, ಆದರೆ ಯಾರೂ ಕಾರಣ ಕೇಳಿರದ ಒಂದು ವಸ್ತುವನ್ನು ಮೇಜಿನ ಮೇಲಿಡುವುದು. ಅಭಿಸರಣೆಯ ಪಾಠಕ್ಕೆ ನಾನು ಇಡುವುದು ಅಪ್ಪೆಮಿಡಿ, ಉಪ್ಪಿನಕಾಯಿಗೆ ಹಾಕುವ ಎಳೆಯ ಮಾವಿನಕಾಯಿ. ಬೇಸಿಗೆಯ ಮೊದಲಿಗೆ ಕೊಯ್ದು ಹರಳುಪ್ಪು ಬೆರೆಸಿ ಭರಣಿಗೆ ತುಂಬಿದ ಮಿಡಿ, ಮಳೆಗಾಲ ಹಿಡಿಯುವಷ್ಟರಲ್ಲಿ ಮುರುಟಿ, ಸುಕ್ಕುಗಟ್ಟಿ, ತನ್ನದೇ ನೀರಿನಲ್ಲಿ ಮುಳುಗಿರುತ್ತದೆ. ಒಂದು ಹನಿ ನೀರು ಹಾಕಿಲ್ಲ, ಭರಣಿಯಲ್ಲಿ ನೀರು ಎಲ್ಲಿಂದ ಬಂತು?

ಈ ಪ್ರಶ್ನೆ ಕೇಳಿದ ಕೂಡಲೇ ಉತ್ತರ ಹೇಳಿಬಿಡುವ ಚಪಲವನ್ನು ತಡೆದುಕೊಳ್ಳಬೇಕು. ಪ್ರತಿಯೊಬ್ಬರೂ ರಫ್ ಪುಸ್ತಕದಲ್ಲಿ ‘ನನ್ನ ಊಹೆ’ ಎಂದು ಶೀರ್ಷಿಕೆ ಹಾಕಿ ಒಂದು ವಾಕ್ಯ ಬರೆಯಲಿ, ಬರೆದದ್ದನ್ನು ಅಳಿಸುವಂತಿಲ್ಲ. ಒಂದು ಜುಲೈ ತಿಂಗಳಿನಲ್ಲಿ ನನ್ನ ತರಗತಿಯ ಬಹುಮಂದಿ ಬರೆದ ಊಹೆ ಒಂದೇ: ಉಪ್ಪು ನೀರೊಡೆಯಿತು. ತಪ್ಪೆಂದು ತೋರಿಸುವುದಕ್ಕಾಗಿ ನಾನು ಬೆಳಿಗ್ಗೆಯೇ ಎರಡು ಬಟ್ಟಲುಗಳನ್ನು ಕಿಟಕಿಯ ಪಕ್ಕ ಇಟ್ಟಿದ್ದೆ. ಒಂದರಲ್ಲಿ ಉಪ್ಪು ಬೆರೆಸಿದ ಸೌತೆಕಾಯಿ ಹೋಳು, ಇನ್ನೊಂದರಲ್ಲಿ ಬರೀ ಹರಳುಪ್ಪು. ಬರೀ ಉಪ್ಪು ಒಣಗಿರುತ್ತದೆ, ಸೌತೆಯ ಬಟ್ಟಲಿನಲ್ಲಿ ನೀರಿರುತ್ತದೆ, ಅಲ್ಲಿಗೆ ಮಾತು ಮುಗಿಯಿತು ಎಂಬುದು ನನ್ನ ಲೆಕ್ಕ. ಶಿರಸಿಯ ಜುಲೈ ಆ ಲೆಕ್ಕದಲ್ಲಿ ಇರಲಿಲ್ಲ. ಮೂರನೆಯ ಅವಧಿಗೆ ಹೋಗಿ ನೋಡಿದರೆ ಉಪ್ಪಿನ ಬಟ್ಟಲೂ ಒದ್ದೆಯಾಗಿ ಹೊಳೆಯುತ್ತಿತ್ತು. ‘ನೋಡಿ ಅಕ್ಕೋರೇ, ಉಪ್ಪೇ ನೀರಾಗಿದ್ದು’ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಹೇಳಿದಾಗ ಇಡೀ ತರಗತಿ ನಕ್ಕಿತು, ನನಗೂ ನಗು ತಡೆಯಲಾಗಲಿಲ್ಲ.

ಆ ಅವಧಿ ಹಾಳಾಯಿತೆಂದು ಆಗ ಅನ್ನಿಸಿದ್ದು ನಿಜ. ಆದರೆ ಹಾಗಿದ್ದರೆ ಹೇಗೆ ತಿಳಿಯುವುದು ಎಂದು ಅವರನ್ನೇ ಕೇಳಿದ್ದಕ್ಕೆ, ಸೌತೆಯನ್ನು ಮೊದಲೂ ಆಮೇಲೂ ತೂಗಿದರೆ ಗೊತ್ತಾಗುತ್ತದೆ ಎಂಬ ಸಲಹೆ ಅವರ ಕಡೆಯಿಂದಲೇ ಬಂತು. ಉಪ್ಪನ್ನೂ ತೂಗಬೇಕು ಎಂದು ಇನ್ನೊಬ್ಬಳು ಸೇರಿಸಿದಳು. ಮರುದಿನ ಪ್ರಯೋಗಾಲಯದ ತಕ್ಕಡಿ ತಂದು ಹಾಗೆಯೇ ಮಾಡಿದೆವು. ಉಪ್ಪು ಹಾಕಿ, ಒರೆಸಿ ತೂಗಿದ ಹೋಳುಗಳ ತೂಕ ಇಳಿದಿತ್ತು, ಬರೀ ಉಪ್ಪಿನ ತೂಕ ತುಸು ಏರಿತ್ತು. ಉಪ್ಪು ಹೀರಿದ್ದು ಗಾಳಿಯ ತೇವವನ್ನು, ಸೌತೆ ಕಳೆದುಕೊಂಡದ್ದು ತನ್ನ ಕೋಶಗಳೊಳಗಿನ ನೀರನ್ನು. ಒಂದು ಅವಧಿಯ ಪಾಠಕ್ಕೆ ಎರಡು ಅವಧಿ ಹಿಡಿಯಿತು, ಆದರೆ ಆಮೇಲೆ ಮರುಬೋಧನೆಗೆಂದು ಬೇರೆ ಅವಧಿಯನ್ನು ನಾನು ಖರ್ಚು ಮಾಡಬೇಕಾಗಲಿಲ್ಲ.

ಹೀಗೆ ಊಹಿಸಿ ತಪ್ಪುವುದರಿಂದ ನಷ್ಟವಿಲ್ಲವೇ ಎಂಬ ಅನುಮಾನ ಸಹಜ. ಖಚಿತವೆಂದು ನಂಬಿ ಹೇಳಿದ ತಪ್ಪು ಉತ್ತರವನ್ನು, ಸರಿಯುತ್ತರ ತಿಳಿಸಿದ ಮೇಲೆ, ಅರೆಮನಸ್ಸಿನಿಂದ ಹೇಳಿದ ತಪ್ಪಿಗಿಂತ ಹೆಚ್ಚು ಚೆನ್ನಾಗಿ ತಿದ್ದಿಕೊಳ್ಳುತ್ತೇವೆ ಎಂದು 2001ರಲ್ಲಿ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ ತೋರಿಸಿದ್ದಾರೆ. ಸರಿಯುತ್ತರ ತಿಳಿಸುವುದು ಇಲ್ಲಿ ಕಡ್ಡಾಯ. ಊಹೆ ಬರೆಸಿ, ತಿದ್ದದೆ ಬಿಟ್ಟರೆ ತಪ್ಪೇ ಗಟ್ಟಿಯಾಗುತ್ತದೆ.

ನಾಲ್ಕನೆಯ ಹೆಜ್ಜೆ: ಒಳಗೆ ಹಾಕುವುದನ್ನು ಕಡಿಮೆ ಮಾಡಿ, ಹೊರಗೆ ತೆಗೆಸುವುದನ್ನು ಹೆಚ್ಚಿಸಿ

ಈ ಲೇಖನದಿಂದ ಒಂದೇ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಈ ಹೆಜ್ಜೆಯನ್ನು ಕೊಡುತ್ತೇನೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿದ ಮೇಲೆ ಕೆಲವರು ಅದನ್ನೇ ಮತ್ತೊಮ್ಮೆ ಓದಿದರು, ಇನ್ನು ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರು ಶೇಕಡ 81, ಬರೆದು ನೋಡಿದವರು ಶೇಕಡ 75ರಷ್ಟು ನೆನಪಿಸಿಕೊಂಡರು. ಒಂದು ವಾರದ ನಂತರ ಅಂಕಿಗಳು ತಿರುವುಮುರುವಾದವು: ಮತ್ತೆ ಓದಿದವರು ಶೇಕಡ 42, ಬರೆದು ನೋಡಿದವರು ಶೇಕಡ 56. ನೆನಪನ್ನು ಹೊರತೆಗೆಯುವ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ.

ನಮ್ಮ ಕಡೆಯ ತಾಳಮದ್ದಲೆಯಲ್ಲಿ, ಎಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನದಲ್ಲಿ, ಮಾತು ಆಡುವ ಅರ್ಥಧಾರಿಗಳಿಗೆ ಇದು ಹೊಸ ವಿಷಯವಲ್ಲ. ಪ್ರಸಂಗದ ಪದ್ಯ ಭಾಗವತರ ಬಾಯಲ್ಲಿರುತ್ತದೆ, ಅರ್ಥಧಾರಿಯ ಕೈಯಲ್ಲಿ ಬರೆದಿಟ್ಟ ಮಾತುಗಳಿರುವುದಿಲ್ಲ. ಕೂಟದಿಂದ ಕೂಟಕ್ಕೆ ಎದುರಾಳಿಯ ಪ್ರಶ್ನೆಗೆ ತಕ್ಕಂತೆ ಕಥೆಯನ್ನು ಒಳಗಿನಿಂದ ತೆಗೆದು ತೆಗೆದೇ ಅವರು ಪಳಗುತ್ತಾರೆ. ನಮ್ಮ ಮಕ್ಕಳಿಗೆ ನಾವು ಕೊಡುವ ಕೆಲಸವಾದರೋ ‘ಮೂರು ಸಲ ಓದಿಕೊಂಡು ಬನ್ನಿ’.

ಮಾಡುವ ಕ್ರಮ ಸರಳ. ಹಾಜರಿ ಕರೆಯುವ ಹೊತ್ತಿನಲ್ಲಿ ಬೋರ್ಡಿನ ಮೇಲೆ ಮೂರು ಪ್ರಶ್ನೆಗಳಿರಲಿ: ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳಿನದು. ಪುಸ್ತಕ, ನೋಟ್ಸ್ ಎಲ್ಲ ಚೀಲದೊಳಗೆ. ಐದು ನಿಮಿಷ ಎಲ್ಲರೂ ಬರೆಯಬೇಕು, ಆಮೇಲೆ ಉತ್ತರ ಹೇಳಿ ತಮ್ಮದನ್ನು ತಾವೇ ತಿದ್ದಿಕೊಳ್ಳಬೇಕು, ಅಂಕವಿಲ್ಲ. ಕೈ ಎತ್ತಿದ ನಾಲ್ವರಿಂದ ಉತ್ತರ ಹೇಳಿಸಿದರೆ ಆ ನಾಲ್ವರ ನೆನಪಷ್ಟೇ ಕೆಲಸ ಮಾಡಿರುತ್ತದೆ ಎಂಬುದನ್ನು ಮರೆಯಬಾರದು. ಅದಕ್ಕಾಗಿ ನಾನು ಪ್ರಾಥಮಿಕ ಶಾಲೆಯಲ್ಲಿ ಮೂಲೆಗೆ ಬಿದ್ದಿದ್ದ ಪಾಟಿಗಳನ್ನು ಕೇಳಿ ತಂದಿದ್ದೇನೆ. ‘ಎತ್ತಿ’ ಎಂದಾಗ ನಲವತ್ತು ಪಾಟಿಗಳು ಒಟ್ಟಿಗೆ ಮೇಲೇಳುತ್ತವೆ, ಯಾರಿಗೆ ಬಂದಿದೆ, ಎಲ್ಲಿ ತಪ್ಪಿದೆ ಎಂಬುದು ಅರೆ ನಿಮಿಷದಲ್ಲಿ ಕಾಣುತ್ತದೆ. ಹತ್ತನೇ ತರಗತಿಯವರು ಪಾಟಿ ಹಿಡಿಯಲು ಮೊದಲ ವಾರ ನಾಚಿಕೊಳ್ಳುತ್ತಾರೆ, ಅಷ್ಟೆ.

ಐದನೆಯ ಹೆಜ್ಜೆ: ಮರೆಯಲು ಬಿಡಿ, ಆಮೇಲೆ ಕೇಳಿ

ಅರ್ಥವಿಲ್ಲದ ಉಚ್ಚಾರಾಂಶಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಲೆಕ್ಕವಿಟ್ಟ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್, ಮರೆವು ಮೊದಲ ಗಂಟೆಗಳಲ್ಲೇ ಕಡಿದಾಗಿ ಇಳಿದು ಆಮೇಲೆ ನಿಧಾನವಾಗುತ್ತದೆಂದು 1885ರಲ್ಲಿ ಬರೆದರು. ಅಂತರ ಬಿಟ್ಟು ಮರುಕಳಿಸಿದರೆ ಆ ಇಳಿಜಾರು ಪ್ರತಿ ಸಲವೂ ಸ್ವಲ್ಪ ತಗ್ಗುತ್ತದೆ. ಒಂದೇ ಸಂಗತಿಯನ್ನು ಪಾಠವಾದ ಮರುದಿನ, ನಾಲ್ಕು ದಿನ ಬಿಟ್ಟು, ಎರಡು ವಾರ ಬಿಟ್ಟು, ಎರಡು ತಿಂಗಳು ಬಿಟ್ಟು ಕೇಳುವ ಪದ್ಧತಿಯನ್ನು ನಾನು ಇಟ್ಟುಕೊಂಡಿದ್ದೇನೆ. ಇವೇ ದಿನಗಳೆಂಬ ನಿಯಮವೇನಿಲ್ಲ. ಹೆಚ್ಚು ಕಾಲ ಉಳಿಯಬೇಕಾದದ್ದಕ್ಕೆ ಅಂತರವೂ ಹೆಚ್ಚಬೇಕು ಎಂಬುದಷ್ಟು ಖಚಿತ. ಜುಲೈನಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದಾಗ ಪಾಠ ಹಿಂದೆ ಬಿತ್ತೆಂದು ನಾವು ಚಡಪಡಿಸುತ್ತೇವೆ. ಶಾಲೆ ಮತ್ತೆ ತೆರೆದ ದಿನ ಹೊಸ ಪಾಠಕ್ಕೆ ಧಾವಿಸದೆ, ರಜೆಗೆ ಮುಂಚಿನದನ್ನು ಖಾಲಿ ಹಾಳೆಯ ಮೇಲೆ ಬರೆಸಿ ನೋಡಿ. ಕೇಳದೇ ಸಿಕ್ಕ ಅಂತರ ಅದು.

ಗಣಿತದವರಿಗೆ ಇದರ ಜೊತೆಗೆ ಬೆರಕೆ ಅಭ್ಯಾಸವೂ ಬೇಕು. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಲ್ಕು ಬಗೆಯ ಘನಾಕೃತಿಗಳ ಗಾತ್ರದ ಲೆಕ್ಕಗಳನ್ನು ಒಂದು ಗುಂಪು ಬಗೆಬಗೆಯಾಗಿ ಬೇರ್ಪಡಿಸಿ ಮಾಡಿತು, ಇನ್ನೊಂದು ಗುಂಪು ಕಲಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಕಲಸಿ ಮಾಡಿದವರೇ ಹೆಚ್ಚು ತಪ್ಪಿದರು, ಆದರೆ ವಾರದ ನಂತರದ ಪರೀಕ್ಷೆಯಲ್ಲಿ ಅವರದು ಶೇಕಡ 63, ಬೇರ್ಪಡಿಸಿ ಮಾಡಿದವರದು ಶೇಕಡ 20. ಅಧ್ಯಾಯದ ಕೊನೆಯ ಅಭ್ಯಾಸದಲ್ಲಿ ಹತ್ತೂ ಲೆಕ್ಕಗಳು ಒಂದೇ ಸೂತ್ರದವಾದರೆ ಮಗು ಸೂತ್ರ ಹಾಕುವುದನ್ನು ಕಲಿಯುತ್ತದೆ, ಯಾವ ಸೂತ್ರ ಎಂದು ಆರಿಸುವುದನ್ನು ಕಲಿಯುವುದಿಲ್ಲ. ಮನೆಗೆಲಸದ ಹತ್ತರಲ್ಲಿ ನಾಲ್ಕು ಹಳೆಯ ಅಧ್ಯಾಯಗಳವಾಗಲಿ.

ಆರನೆಯ ಹೆಜ್ಜೆ: ಹೆದರಿಕೆ

ಇಲ್ಲಿ ಹೇಳುವುದು ಹೆಚ್ಚಿಲ್ಲ. ತೀವ್ರ ಭಯದಲ್ಲಿ ಯೋಚನೆಗೆ ಆಧಾರವಾದ ಮಿದುಳಿನ ಮುಂಭಾಗ ಸರಿಯಾಗಿ ಕೆಲಸ ಮಾಡುವುದಿಲ್ಲ, ಆ ಭಾಗ ಪೂರ್ತಿ ಪಕ್ವವಾಗುವುದೂ ಇಪ್ಪತ್ತು ದಾಟಿದ ಮೇಲೆ. ಹೆಸರು ಕರೆದು ಪ್ರಶ್ನೆ ಕೇಳಬೇಡಿ, ಪ್ರಶ್ನೆ ಕೇಳಿ, ಕಾದು, ಆಮೇಲೆ ಹೆಸರು ಕರೆಯಿರಿ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆಂದೂ ಮೇರಿ ಬಡ್ ರೋವ್ 1970ರ ದಶಕದಲ್ಲೇ ಗಮನಿಸಿದ್ದರು. ಮನಸ್ಸಿನಲ್ಲೇ ಮೂರು ಎಣಿಸಿ ನೋಡಿ, ಎಷ್ಟು ದೀರ್ಘವೆನ್ನಿಸುತ್ತದೆಂದು ಗೊತ್ತಾಗುತ್ತದೆ.

ಏಳನೆಯ ಹೆಜ್ಜೆ: ಮೌಲ್ಯಮಾಪನವನ್ನು ಮರಳಿ ಕಲಿಕೆಗೆ ತನ್ನಿ

ನಮ್ಮಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ವ್ಯವಸ್ಥೆ ಇದೆ. ರೂಪಣಾತ್ಮಕ ಎಂಬ ಪದದ ಅರ್ಥವೇ ಕಲಿಕೆ ರೂಪುಗೊಳ್ಳುತ್ತಿರುವಾಗ ನೋಡಿ ತಿದ್ದುವುದು. ಬಳಕೆಯಲ್ಲಿ ಅದು ಥರ್ಮೋಕೋಲ್ ಮಾದರಿ, ಅಂಗಡಿಯಿಂದ ತಂದ ಚಾರ್ಟು, ಅಣ್ಣನೋ ಅಕ್ಕನೋ ಬರೆದುಕೊಟ್ಟ ಯೋಜನೆ ಮತ್ತು ಅವುಗಳನ್ನು ತುಂಬಿದ ಕೃತಿಸಂಪುಟವಾಗಿದೆ. ವ್ಯವಸ್ಥೆಯನ್ನು ದೂರುವುದಕ್ಕಿಂತ ಅದರೊಳಗೆ ಮಾಡಬಹುದಾದದ್ದನ್ನು ಹೇಳುತ್ತೇನೆ.

ಘಟಕ ಪರೀಕ್ಷೆಯ ನೀಲನಕ್ಷೆಯನ್ನು ಬದಲಿಸಿಕೊಳ್ಳಿ. ಇಪ್ಪತ್ತು ಅಂಕಗಳಲ್ಲಿ ಐದನ್ನು ನಾನು ಹಳೆಯ ಪಾಠಗಳಿಗೆ ಇಡುತ್ತೇನೆ, ಒಂಬತ್ತನ್ನು ಈ ಪಾಠದ ನೇರ ಪ್ರಶ್ನೆಗಳಿಗೆ, ಆರನ್ನು ಪಾಠದಲ್ಲಿಲ್ಲದ ಹೊಸ ಸಂದರ್ಭಕ್ಕೆ. ಅಭಿಸರಣೆ ಎಂದರೇನು ಎಂಬುದು ನೇರ ಪ್ರಶ್ನೆ. ನೀರಿನಲ್ಲಿ ಉಬ್ಬಿದ ಒಣದ್ರಾಕ್ಷಿಯನ್ನು ದಟ್ಟ ಸಕ್ಕರೆ ಪಾಕಕ್ಕೆ ಹಾಕಿದರೆ ಏಕೆ ಮುದುಡುತ್ತದೆ ಎಂಬುದೂ ಪುಸ್ತಕದಲ್ಲಿ ಇರುವುದೇ. ಹೊಸ ಸಂದರ್ಭದ ಪ್ರಶ್ನೆ ಹೀಗಿತ್ತು: ‘ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗೆ ಭರತದ ಉಪ್ಪುನೀರು ನುಗ್ಗಿದರೆ ಸಾಮಾನ್ಯ ಭತ್ತದ ಸಸಿ ನೀರಿನಲ್ಲಿ ನಿಂತೇ ಬಾಡ ತೊಡಗುತ್ತದೆ, ಕಗ್ಗ ಭತ್ತ ತಾಳಿಕೊಳ್ಳುತ್ತದೆ. ಮೊದಲನೆಯದಕ್ಕೆ ಕಾರಣ ಬರೆಯಿರಿ. ಎರಡನೆಯದಕ್ಕೆ ನಿಮ್ಮ ಊಹೆಯನ್ನು ಕಾರಣದೊಂದಿಗೆ ಬರೆಯಿರಿ.’ ನೀರಿನಲ್ಲಿ ನಿಂತ ಗಿಡ ನೀರಿಲ್ಲದೆ ಬಾಡುತ್ತದೆಂಬ ಉತ್ತರವನ್ನು ಬಾಯಿಪಾಠದಿಂದ ಬರೆಯಲಾಗದು. ಎರಡನೆಯ ಭಾಗಕ್ಕೆ ಸರಿಯುತ್ತರ ಒಂದೇ ಎಂದು ಹಿಡಿಯಬೇಡಿ. ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ ಎಂದವರಿಗೂ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಎಲೆಯ ಮೇಲೆ ಉಪ್ಪಿನ ಹರಳು ಕಂಡದ್ದನ್ನು ನೆನಪಿಸಿಕೊಂಡು ಇದೂ ಹಾಗೆಯೇ ಹೊರಹಾಕುತ್ತದೆ ಎಂದವರಿಗೂ ಕಾರಣ ಸರಿಯಾಗಿದ್ದರೆ ಪೂರ್ತಿ ಅಂಕ.

ಪ್ರತಿ ಉತ್ತರದ ಪಕ್ಕ ಮಗು ‘ಖಚಿತ’ ಅಥವಾ ‘ಅನುಮಾನ’ ಎಂದು ಬರೆಯಲಿ. ಖಚಿತವೆಂದು ಬರೆದು ತಪ್ಪಿದ ಉತ್ತರಗಳನ್ನು ಮೊದಲು ಆರಿಸಿಕೊಂಡು ತರಗತಿಯಲ್ಲಿ ಚರ್ಚಿಸಿ. ಅನುಮಾನವೆಂದು ಬರೆದು ಸರಿಯಾದವರನ್ನೂ ಬಿಡಬೇಡಿ, ಅವರಿಗೆ ಬೇಕಾಗಿರುವುದು ಪಾಠವಲ್ಲ, ಇನ್ನೆರಡು ಸಲ ಹೊರತೆಗೆಯುವ ಅವಕಾಶ.

ಉತ್ತರ ಪತ್ರಿಕೆ ಹಿಂತಿರುಗಿಸುವ ರೀತಿಯಲ್ಲಿ ನಾನು ಮಾಡಿಕೊಂಡ ಬದಲಾವಣೆ ಪೋಷಕರಿಂದ ದೂರನ್ನೂ ತಂದಿತು, ಆದರೂ ಬಿಟ್ಟಿಲ್ಲ. 1988ರಲ್ಲಿ ಇಸ್ರೇಲಿನ ರುತ್ ಬಟ್ಲರ್ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಇನ್ನು ಕೆಲವರಿಗೆ ಎರಡನ್ನೂ ಕೊಡಲಾಗಿತ್ತು. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಟಿಪ್ಪಣಿ ಮಾತ್ರ ಪಡೆದವರು. ಅಂಕ ಕಂಡ ಕಣ್ಣು ಟಿಪ್ಪಣಿಯನ್ನು ಓದುವುದಿಲ್ಲ. ಆದ್ದರಿಂದ ಅಂಕವನ್ನು ಅಂಕವಹಿಯಲ್ಲಿ ಬರೆದುಕೊಂಡು, ಹಾಳೆಯ ಮೇಲೆ ಮೂರು ಗುರುತುಗಳನ್ನಷ್ಟೇ ಹಾಕುತ್ತೇನೆ: ಕಾರಣ ಬಿಟ್ಟಿದ್ದರೆ ‘ಕಾ’, ನೀರು ಹರಿಯುವ ದಿಕ್ಕಿನಂಥದ್ದು ತಿರುಗುಮುರುಗಾಗಿದ್ದರೆ ‘ದಿ’, ಪಾರಿಭಾಷಿಕ ಪದ ತಪ್ಪಿದ್ದರೆ ‘ಪ’. ನಲವತ್ತು ಹಾಳೆಗೆ ಉದ್ದುದ್ದ ಟಿಪ್ಪಣಿ ಬರೆಯುವ ಪುರುಸೊತ್ತು ಯಾರಿಗೂ ಇಲ್ಲ. ಮರುದಿನ ಹದಿನೈದು ನಿಮಿಷ ತರಗತಿಯಲ್ಲೇ ಮಕ್ಕಳು ಹಸಿರು ಪೆನ್ನಿನಲ್ಲಿ ಉತ್ತರ ತಿದ್ದುತ್ತಾರೆ, ಅದನ್ನು ನೋಡಿದ ಮೇಲೆ ಅಂಕ ಹೇಳುತ್ತೇನೆ. ಈ ಹದಿನೈದು ನಿಮಿಷ ಕೊಡದಿದ್ದರೆ ಗುರುತು ಹಾಕಿದ ಶ್ರಮವೆಲ್ಲ ವ್ಯರ್ಥ. ಅಂಕವೇಕೆ ಬರೆದಿಲ್ಲ ಎಂದು ಕೇಳುವ ಪೋಷಕರಿಗೆ ಹಸಿರು ಶಾಯಿಯನ್ನು ತೋರಿಸಿದರೆ ಸಾಮಾನ್ಯವಾಗಿ ಸಮಾಧಾನವಾಗುತ್ತದೆ.

ಹತ್ತನೇ ತರಗತಿಯವರಿಗೆ ಜನವರಿಯ ನಂತರ ಪಾಸಿಂಗ್ ಪ್ಯಾಕೇಜ್ ಎಂಬ ಹೆಸರಿನಲ್ಲಿ ಆಯ್ದ ಪ್ರಶ್ನೋತ್ತರಗಳ ಪ್ರತಿ ಬರುತ್ತದೆ. ಅದನ್ನು ಬೇಡವೆನ್ನುವ ಧೈರ್ಯ ನನಗಿಲ್ಲ. ಆದರೆ ಓದಿಸುವುದಿಲ್ಲ: ಹಾಳೆಯನ್ನು ಉದ್ದಕ್ಕೆ ಮಡಚಿ ಉತ್ತರದ ಭಾಗವನ್ನು ಹಿಂದಕ್ಕೆ ಸರಿಸಿ, ಪ್ರಶ್ನೆ ಮಾತ್ರ ಕಾಣುವಂತೆ ಮಾಡಿ, ಬರೆದ ಮೇಲೆ ಬಿಚ್ಚಿ ನೋಡಲು ಹೇಳುತ್ತೇನೆ.

ನಿದ್ದೆಯ ಮಾತು

ಹಗಲು ಕಲಿತದ್ದು ನಿದ್ದೆಯಲ್ಲಿ ಗಟ್ಟಿಗೊಳ್ಳುತ್ತದೆ. ಹಿಪ್ಪೊಕ್ಯಾಂಪಸ್ ಎಂಬ ಭಾಗ ಹೊಸದಾಗಿ ಹಿಡಿದಿಟ್ಟ ನೆನಪನ್ನು ಮಿದುಳು ಆ ಹೊತ್ತಿನಲ್ಲಿ ಮರುಕಳಿಸಿ ಬೇರೂರಿಸಿಕೊಳ್ಳುತ್ತದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ನಿದ್ರಾತಜ್ಞರ ಶಿಫಾರಸು. ಘಟ್ಟದ ಮೇಲೆ ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ತಿಂಗಳುಗಳಲ್ಲಿ ರಾತ್ರಿ ಅಡಿಕೆ ಸುಲಿಯಲು ಕುಳಿತ ಮಗು, ಬೆಳಿಗ್ಗೆ ಏಳರ ಬಸ್ಸಿಗಾಗಿ ಐದೂವರೆಗೆ ಏಳುವ ಮಗು, ಮೊದಲ ಅವಧಿಯಲ್ಲಿ ತೂಕಡಿಸಿದರೆ ಅದು ಅಶಿಸ್ತಲ್ಲ. ಡಿಸೆಂಬರ್, ಜನವರಿಯಲ್ಲಿ ನಾನು ಮನೆಗೆಲಸವನ್ನು ಮೂರು ಪ್ರಶ್ನೆಗೆ ಇಳಿಸುತ್ತೇನೆ ಮತ್ತು ತಾಯಂದಿರ ಸಭೆಯಲ್ಲಿ ಪರೀಕ್ಷೆಯ ಹಿಂದಿನ ರಾತ್ರಿಯಾದರೂ ಬೇಗ ಮಲಗಿಸಲು ಕೇಳಿಕೊಳ್ಳುತ್ತೇನೆ.

ಎಲ್ಲಿಂದ ಆರಂಭಿಸುವುದು

ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಒಂದು ವಾರದಲ್ಲಿ ಕೈಬಿಡುತ್ತೀರಿ. ಮೊದಲ ತಿಂಗಳು ಒಂದೇ ತರಗತಿಗೆ, ದಿನಕ್ಕೆ ಮೂರು ಪ್ರಶ್ನೆಗಳ ಆ ಐದು ನಿಮಿಷ ಮಾತ್ರ ಸಾಕು. ಮೊದಲ ಎರಡು ವಾರ ಉತ್ತರಗಳು ನಿರಾಶೆ ತರುತ್ತವೆ, ಮಕ್ಕಳು ಓದಿಕೊಳ್ಳಲು ಬಿಡಿ ಎಂದು ಗೊಣಗುತ್ತಾರೆ. ಓದಿದಾಗ ಬಂದಂತೆ ಅನ್ನಿಸುವುದು, ಬರೆಯಲು ಕುಳಿತಾಗ ಬಾರದಿರುವುದು ಮಕ್ಕಳಿಗೂ ನಮಗೂ ಮುಜುಗರದ ಅನುಭವ. ಎರಡನೆಯ ತಿಂಗಳು ಊಹೆ ಬರೆಸುವುದನ್ನು, ಮೂರನೆಯ ತಿಂಗಳು ಹಸಿರು ಪೆನ್ನನ್ನು ಸೇರಿಸಿಕೊಳ್ಳಿ.

ಪ್ರಶ್ನೆಗಳನ್ನು ದಿನವೂ ಹೊಸದಾಗಿ ಯೋಚಿಸಬೇಕಾಗಿಲ್ಲ. ಪಾಠ ಮಾಡಿದ ದಿನವೇ ಎರಡು ಪ್ರಶ್ನೆಗಳನ್ನು ಎರಡು ಚೀಟಿಗಳ ಮೇಲೆ ಬರೆದು ತಗಡಿನ ಬಿಸ್ಕತ್ತು ಡಬ್ಬಿಗೆ ಹಾಕಿ. ಡಬ್ಬಿಯೊಳಗೆ ರಟ್ಟಿನಿಂದ ಮೂರು ಖಾನೆ ಮಾಡಿರಬೇಕು: ನಿನ್ನೆಯದು, ವಾರದ್ದು, ತಿಂಗಳಿನದು. ತರಗತಿಯ ಹೆಚ್ಚಿನವರು ಸರಿಯಾಗಿ ಬರೆದ ಪ್ರಶ್ನೆಯ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದರೆ ಮೊದಲ ಖಾನೆಗೇ ಮರಳುತ್ತದೆ. ಚೀಟಿ ತೆಗೆದು ಬೋರ್ಡಿನ ಮೇಲೆ ಬರೆಯುವ ಕೆಲಸವನ್ನು ಮಕ್ಕಳ ಸರದಿಗೆ ಬಿಟ್ಟಿದ್ದೇನೆ, ಅದಕ್ಕೆ ಜಗಳವಾಗುವಷ್ಟು ಬೇಡಿಕೆಯಿದೆ. ಪೆನ್ಸಿಲಿನಲ್ಲೇ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಆಗಸ್ಟಿನಲ್ಲಿ ಚೀಟಿಗಳಿಗೆ ಬೂಷ್ಟು ಹಿಡಿಯುವುದು ಖಂಡಿತ, ಆದ್ದರಿಂದ ಶನಿವಾರ ಶಾಲೆ ಬಿಟ್ಟ ಮೇಲೆ ಡಬ್ಬಿಯನ್ನು ಬಿಸಿಯೂಟದ ಕೋಣೆಯಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ, ಸೋಮವಾರ ಮರೆಯದೆ ಇಳಿಸಿಕೊಳ್ಳಿ.